ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಚುನಾವಣಾ ಪ್ರಚಾರದ ಛಾಯಾಚಿತ್ರಗಳು ಇಷ್ಟು ವಿರಳವೇಕೆ?

ಪ್ರಶ್ನೆ — ಚರಿತ್ರೆಯ ಓದುಗ

ಅಂತರ್ಯುದ್ಧದ ಹಿಂದುಮುಂದಿನ ದಶಕಗಳಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಬರಹಗಳಲ್ಲಿ ಬರುವ ವರ್ಣನೆಗಳನ್ನು ನೋಡಿದರೆ ಆ ಕಾಲದ ಪ್ರಚಾರವೆಲ್ಲ ಬೀದಿಯಲ್ಲೇ ನಡೆಯುತ್ತಿತ್ತು ಎನ್ನಬೇಕು. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರ ಬೆಂಬಲಿಗರು ಬಂಡಿಗಳ ಮೇಲೆ ಮರದ ದಿಮ್ಮಿಗಳ ಪುಟ್ಟ ಗುಡಿಸಲುಗಳನ್ನು ಕಟ್ಟಿ ಮೆರವಣಿಗೆ ಮಾಡಿದರು. 1860ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿಕೊಂಡ ‘ವೈಡ್ ಅವೇಕ್’ ಎಂಬ ಯುವಕರ ದಳಗಳು, ಪಂಜಿನ ಎಣ್ಣೆ ಮೈಮೇಲೆ ತೊಟ್ಟಿಕ್ಕದಂತೆ ಮೇಣಗಾಪಿನ ಬಟ್ಟೆಯ ನಿಲುವಂಗಿಗಳನ್ನು ತೊಟ್ಟು, ಉತ್ತರದ ನಗರಗಳಲ್ಲಿ ರಾತ್ರಿಯಿಡೀ ಸಾಲುಗಟ್ಟಿ ನಡೆದವು. ಛಾಯಾಗ್ರಹಣ ಅಮೆರಿಕಕ್ಕೆ ಕಾಲಿಟ್ಟದ್ದು 1839ರಲ್ಲೇ. ಆದರೂ ಚಿತ್ರಸಂಗ್ರಹಗಳಲ್ಲಿ ಹುಡುಕಿದಾಗ ಸಿಗುವುದೆಲ್ಲ ಕುರ್ಚಿಯಲ್ಲಿ ಬಿಗಿಯಾಗಿ ಕುಳಿತ ಅಭ್ಯರ್ಥಿಗಳ ಭಾವಚಿತ್ರಗಳೇ ಹೊರತು ಸಭೆಗಳದ್ದಾಗಲಿ ಮೆರವಣಿಗೆಗಳದ್ದಾಗಲಿ ಅಲ್ಲ.

ಈ ಕೊರತೆಗೆ ಎಕ್ಸ್‌ಪೋಷರ್, ಅಂದರೆ ಚಿತ್ರ ಮೂಡಲು ತಟ್ಟೆಯನ್ನು ಬೆಳಕಿಗೆ ಒಡ್ಡಬೇಕಾದ ಅವಧಿ, ದೀರ್ಘವಾಗಿದ್ದುದೇ ಕಾರಣವೇ, ಅಥವಾ ಬೇರೆ ಏನಾದರೂ ಇದೆಯೇ? ಪ್ರಚಾರಸಭೆಯೊಂದರ ಅತ್ಯಂತ ಹಳೆಯ ಛಾಯಾಚಿತ್ರ ಎಂದು ಯಾವುದನ್ನಾದರೂ ನಿಶ್ಚಯವಾಗಿ ಹೆಸರಿಸಬಹುದೇ? ಪತ್ರಿಕೆಗಳು ಛಾಯಾಚಿತ್ರಗಳನ್ನು ಅಚ್ಚು ಹಾಕಲಾಗದಿದ್ದ ಆ ಕಾಲದಲ್ಲಿ ಪಕ್ಷಗಳು ಅವುಗಳನ್ನು ಹೇಗೆ ಬಳಸಿಕೊಂಡವು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ — ಕತ್ತಲಕೋಣೆ

ಮೊದಲು ತಾಂತ್ರಿಕ ಮಿತಿಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ತಾವು ಊಹಿಸಿದ ಕಾರಣ ಸುಳ್ಳಲ್ಲ. ಡಾಗೆರೋಟೈಪ್ ತಯಾರಿಕೆಯ ವಿವರಗಳು ಪ್ಯಾರಿಸ್‌ನಲ್ಲಿ ಬಹಿರಂಗವಾದದ್ದು 1839ರ ಆಗಸ್ಟ್‌ನಲ್ಲಿ. ಅದೇ ವರ್ಷದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಪ್ರಯೋಗಗಳು ಆರಂಭವಾಗಿದ್ದವು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿಗೆ ಅಯೋಡಿನ್ ಹಬೆ ತಾಗಿಸಿ, ಕ್ಯಾಮೆರಾದಲ್ಲಿ ಬೆಳಕಿಗೆ ಒಡ್ಡಿ, ಪಾದರಸದ ಹಬೆಯಲ್ಲಿ ಬಿಂಬವನ್ನು ಮೂಡಿಸುವ ಈ ವಿಧಾನದಲ್ಲಿ, ಆರಂಭದಲ್ಲಿ ಒಳ್ಳೆಯ ಬಿಸಿಲಿದ್ದರೂ ಹಲವು ನಿಮಿಷಗಳ ಎಕ್ಸ್‌ಪೋಷರ್ ಬೇಕಾಗುತ್ತಿತ್ತು. ಹೀಗಾಗಿ 1840ರ ಗುಡಿಸಲು ಬಂಡಿಗಳ ಪ್ರಚಾರ ಕ್ಯಾಮೆರಾದ ಹಿಡಿತಕ್ಕೆ ಸಿಗುವ ಮಾತೇ ಇರಲಿಲ್ಲ. ಹ್ಯಾರಿಸನ್ ಅವರು 1841ರ ಮಾರ್ಚ್‌ನಲ್ಲಿ ಅಧಿಕಾರ ವಹಿಸಿಕೊಂಡ ಹೊತ್ತಿಗೆ ಅವರ ಒಂದು ಡಾಗೆರೋಟೈಪ್ ತೆಗೆದರೆಂದು ಹೇಳುತ್ತಾರೆ. ಅದರ ಮೂಲ ಕಳೆದುಹೋಗಿದೆ, ಅವರೂ ಒಂದೇ ತಿಂಗಳಲ್ಲಿ ತೀರಿಕೊಂಡರು. ಅಧ್ಯಕ್ಷರಾಗಿದ್ದವರೊಬ್ಬರ ಚಿತ್ರಗಳ ಪೈಕಿ ಮೂಲರೂಪದಲ್ಲಿ ಉಳಿದಿರುವ ಅತ್ಯಂತ ಹಳೆಯದು ಜಾನ್ ಕ್ವಿನ್ಸಿ ಆಡಮ್ಸ್ ಅವರದು. ಅದನ್ನು ಫಿಲಿಪ್ ಹಾಸ್ ಅವರು 1843ರಲ್ಲಿ ತೆಗೆದರು, ಆಡಮ್ಸ್ ಅಧಿಕಾರ ಬಿಟ್ಟು ಹದಿನಾಲ್ಕು ವರ್ಷಗಳಾದ ಮೇಲೆ.

ಪೆಟ್ಸ್‌ವಾಲ್ ಅವರು 1840ರಲ್ಲಿ ರೂಪಿಸಿದ ಭಾವಚಿತ್ರ ಮಸೂರ ಮತ್ತು ಬ್ರೋಮಿನ್ ಬಳಕೆಯಿಂದ ಎಕ್ಸ್‌ಪೋಷರ್ ಒಂದು ನಿಮಿಷಕ್ಕಿಂತ ಕೆಳಗೆ ಇಳಿಯಿತು. ಸ್ಟುಡಿಯೋದಲ್ಲಿ ಕುಳಿತವರ ತಲೆಯನ್ನು ಹಿಂದಿನಿಂದ ಕಬ್ಬಿಣದ ಕವೆಗೋಲಿಗೆ ಆನಿಸಿ ಅಲ್ಲಾಡದಂತೆ ಮಾಡುತ್ತಿದ್ದರು. ಸಾವಿರಾರು ಜನರ ಸಭೆಗೆ ಅಂಥ ಕವೆಗೋಲು ಎಲ್ಲಿಂದ ತರುವುದು? 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಅವರು ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ ಇನ್ನೂ ವೇಗದ್ದಾಗಿತ್ತು, ಒಂದು ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ತೆಗೆಯಬಹುದಿತ್ತು. ಆದರೆ ಗಾಜಿನ ತಟ್ಟೆಗೆ ದ್ರಾವಣ ಬಳಿಯುವುದು, ಬೆಳ್ಳಿ ಲವಣದಲ್ಲಿ ಅದ್ದುವುದು, ಚಿತ್ರ ತೆಗೆಯುವುದು, ಡೆವಲಪ್ ಮಾಡುವುದು ಎಲ್ಲವೂ ತಟ್ಟೆ ಒಣಗುವ ಮೊದಲು, ಅಂದರೆ ಸುಮಾರು ಹತ್ತು ನಿಮಿಷಗಳೊಳಗೆ ಮುಗಿಯಬೇಕಿತ್ತು. ಹೊರಗೆ ಚಿತ್ರ ತೆಗೆಯಬೇಕಾದರೆ ಕತ್ತಲಕೋಣೆಯನ್ನೇ ಬಂಡಿಯಲ್ಲೋ ಡೇರೆಯಲ್ಲೋ ಜೊತೆಗೆ ಒಯ್ಯಬೇಕು. ಇನ್ನು ತಾವು ಹೇಳಿದ ಪಂಜಿನ ಮೆರವಣಿಗೆಗಳು ರಾತ್ರಿಯ ಸಂಗತಿ. ಆ ತಟ್ಟೆಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಪಂಜಿನ ಕೆಂಪು-ಹಳದಿ ಬೆಳಕಿನಿಂದ ಅವುಗಳ ಮೇಲೆ ಏನೂ ಮೂಡುತ್ತಿರಲಿಲ್ಲ. ಮೆಗ್ನೀಸಿಯಂ ಫ್ಲ್ಯಾಶ್ ಪುಡಿ ಬಂದದ್ದು 1887ರಲ್ಲಿ. ಅದರಿಂದಲೂ ಒಂದು ಕೋಣೆಯನ್ನು ಬೆಳಗಬಹುದಿತ್ತೇ ಹೊರತು ಇಡೀ ಬೀದಿಯನ್ನಲ್ಲ.

ಜನಸಂದಣಿಯ ಆರಂಭಿಕ ಚಿತ್ರಗಳಲ್ಲಿ ಎರಡನ್ನು ಹೆಸರಿಸುತ್ತೇನೆ. 1844ರ ಮೇ 9ರಂದು ಫಿಲಡೆಲ್ಫಿಯದಲ್ಲಿ ವಲಸೆಗಾರರ ವಿರುದ್ಧದ ಗಲಭೆಗಳ ಹೊತ್ತಿನಲ್ಲಿ, ಸೈನಿಕರು ಬೀಡುಬಿಟ್ಟಿದ್ದ ಗಿರಾರ್ಡ್ ಬ್ಯಾಂಕಿನ ಮುಂದೆ ನೆರೆದ ಜನರನ್ನು ಲ್ಯಾಂಗನ್‌ಹೈಮ್ ಸಹೋದರರು ಡಾಗೆರೋಟೈಪ್‌ನಲ್ಲಿ ಹಿಡಿದರು. 1857ರ ಮಾರ್ಚ್ 4ರಂದು ಅಧ್ಯಕ್ಷ ಜೇಮ್ಸ್ ಬುಕಾನನ್ ಅವರ ಪದಗ್ರಹಣವನ್ನು ಜಾನ್ ವುಡ್ ಅವರು ತೆಗೆದರು; ಛಾಯಾಚಿತ್ರದಲ್ಲಿ ದಾಖಲಾದ ಮೊದಲ ಪದಗ್ರಹಣ ಅದೇ. ಇವೆರಡೂ ರಾಜಕೀಯದ ಚಿತ್ರಗಳೇ, ಆದರೆ ಪ್ರಚಾರದವಲ್ಲ.

ಉತ್ತರ — ಹಳೆಯ ಅಚ್ಚುಮನೆ

ಕತ್ತಲಕೋಣೆಯವರು ಕೊಟ್ಟ ವಿವರಗಳ ಬಗ್ಗೆ ತಕರಾರಿಲ್ಲ, ಆದರೆ ಅಷ್ಟರಿಂದಲೇ ಪ್ರಶ್ನೆ ಬಗೆಹರಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ತಂತ್ರಜ್ಞಾನವೇ ಮುಖ್ಯ ಅಡ್ಡಿಯಾಗಿದ್ದರೆ ಸಭೆಯ ಒಂದು ಚಿತ್ರವೂ ಇರಬಾರದಿತ್ತು. ಇದೆ, ಅದೂ ತೀರಾ ಮುಂಚಿನದು.

1850ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಝನೋವಿಯ ಎಂಬ ಊರಿನಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಮಾಲೀಕರಿಗೆ ಒಪ್ಪಿಸಲು ಕಾಂಗ್ರೆಸ್ಸಿನಲ್ಲಿ ಸಿದ್ಧವಾಗುತ್ತಿದ್ದ ಕಾನೂನನ್ನು ವಿರೋಧಿಸಿ ದೊಡ್ಡ ಸಮಾವೇಶವೊಂದು ಸೇರಿತು. ಜನ ಹೆಚ್ಚಾದ್ದರಿಂದ ಸಭೆಯನ್ನು ಸೇಬಿನ ತೋಟವೊಂದಕ್ಕೆ ಸ್ಥಳಾಂತರಿಸಲಾಯಿತು. ಆ ಊರಿನ ಡಾಗೆರೋಟೈಪ್ ಕಲಾವಿದ ಎಜ್ರಾ ಗ್ರೀನ್‌ಲೀಫ್ ವೆಲ್ಡ್ ಅವರು ತೆಗೆದ ಅದರ ಚಿತ್ರ ಇಂದಿಗೂ ಉಳಿದಿದೆ. ಇವರು ಗುಲಾಮಗಿರಿ ವಿರೋಧಿ ಹೋರಾಟದ ಪ್ರಮುಖರಲ್ಲಿ ಒಬ್ಬರಾದ ಥಿಯೋಡೋರ್ ವೆಲ್ಡ್ ಅವರ ಸಹೋದರ. ಚಿತ್ರವನ್ನು ದೊಡ್ಡದಾಗಿಸಿ ನೋಡಿದರೆ ನಡುವೆ ಗುಲಾಮಗಿರಿ ವಿರೋಧಿ ನಾಯಕ ಗೆರಿಟ್ ಸ್ಮಿತ್ ಅವರು ನಿಂತು ಮಾತನಾಡುತ್ತಿರುವ ಭಂಗಿಯಲ್ಲಿ ಕಾಣುತ್ತಾರೆ. ಅವರ ಎರಡೂ ಬದಿಗೆ ಚೌಕುಳಿ ಶಾಲು ಹೊದ್ದ ಎಡ್ಮನ್ಸನ್ ಸಹೋದರಿಯರು ನಿಂತಿದ್ದಾರೆ. 1848ರಲ್ಲಿ ‘ಪರ್ಲ್’ ಎಂಬ ಹಡಗಿನಲ್ಲಿ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು, ಆಮೇಲೆ ಹಣ ಕೊಟ್ಟು ಬಿಡಿಸಲ್ಪಟ್ಟವರು ಅವರು. ಮೇಜಿನ ಪಕ್ಕದಲ್ಲಿ ಕುಳಿತಿರುವವರು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡಿದ ವಾಗ್ಮಿ ಫ್ರೆಡರಿಕ್ ಡಗ್ಲಸ್. ಹಿಂದಿನ ಸಾಲುಗಳಲ್ಲಿ ಕೆಲವು ಮುಖಗಳು ಅಲುಗಾಡಿ ಕದಡಿವೆ, ಆದರೆ ಮುಂದಿನವರೆಲ್ಲ ಸ್ಪಷ್ಟ. ಅಂದರೆ 1850ರಲ್ಲೇ, ಅದೂ ಸಣ್ಣ ಊರೊಂದರ ಕಲಾವಿದರಿಗೆ, ಬಯಲಿನಲ್ಲಿ ಸಭೆಯ ಚಿತ್ರ ತೆಗೆಯಲು ಸಾಧ್ಯವಿತ್ತು.

ಆ ಚಿತ್ರವನ್ನು ಏಕೆ ತೆಗೆದರು ಎಂಬುದನ್ನು ಗಮನಿಸಿ. ಗುಲಾಮರು ತಪ್ಪಿಸಿಕೊಳ್ಳಲು ನೆರವಾದ ಆರೋಪದ ಮೇಲೆ ಸೆರೆಯಲ್ಲಿದ್ದ ವಿಲಿಯಂ ಚಾಪ್ಲಿನ್ ಅವರಿಗೆ ಕಳುಹಿಸಲೆಂದು ತೆಗೆಸಿದ ಚಿತ್ರ ಅದು. ನೋಡಬೇಕಾದ ಒಬ್ಬ ವ್ಯಕ್ತಿ ಗೊತ್ತಿದ್ದುದರಿಂದ ಚಿತ್ರ ಹುಟ್ಟಿತು. ನನ್ನ ವಾದವೂ ಇಷ್ಟೇ: ಸಭೆಯ ಚಿತ್ರ ತೆಗೆದರೆ ಅದನ್ನು ಕೊಳ್ಳುವವರು ಯಾರು? ಡಾಗೆರೋಟೈಪ್‌ಗೆ ನೆಗೆಟಿವ್ ಇಲ್ಲ, ಇರುವುದು ಒಂದೇ ಪ್ರತಿ. ಕೊಲೋಡಿಯನ್ ಬಂದ ಮೇಲೂ ಪತ್ರಿಕೆಗಳು ಛಾಯಾಚಿತ್ರವನ್ನು ನೇರವಾಗಿ ಅಚ್ಚು ಹಾಕುವಂತಿರಲಿಲ್ಲ. ‘ಹಾರ್ಪರ್ಸ್ ವೀಕ್ಲಿ’ಯಾಗಲಿ ಫ್ರಾಂಕ್ ಲೆಸ್ಲಿಯವರ ಸಚಿತ್ರ ವಾರಪತ್ರಿಕೆಯಾಗಲಿ, ಚಿತ್ರಕಾರರಿಂದ ಬರೆಸಿದ್ದನ್ನು ಮರದ ಅಚ್ಚಿನ ಮೇಲೆ ಕೆತ್ತಿಸಿಯೇ ಮುದ್ರಿಸಬೇಕಿತ್ತು. ದೊಡ್ಡ ಚಿತ್ರವಾದರೆ ಹಲವು ಮರದ ತುಂಡುಗಳಿಗೆ ಹಂಚಿ, ಬೇರೆ ಬೇರೆ ಕೆತ್ತನೆಗಾರರ ಕೈಯಲ್ಲಿ ಏಕಕಾಲಕ್ಕೆ ಕೆತ್ತಿಸಿ, ಕೊನೆಗೆ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಹೇಗೂ ಕೈಯಿಂದಲೇ ಕೆತ್ತಬೇಕಾದ ಮೇಲೆ ಮೆರವಣಿಗೆಗೆ ಪೆನ್ಸಿಲ್ ಹಿಡಿದ ಚಿತ್ರಕಾರನನ್ನು ಕಳುಹಿಸಿದರೆ ಸಾಕು. ಅವನಿಗೆ ಕತ್ತಲೆಯೂ ಅಡ್ಡಿಯಲ್ಲ, ಜನರ ಅಲುಗಾಟವೂ ಅಡ್ಡಿಯಲ್ಲ, ಬೇಕೆಂದರೆ ಜನಸಂದಣಿಯನ್ನು ಇದ್ದುದಕ್ಕಿಂತ ದೊಡ್ಡದಾಗಿಯೂ ಬರೆದುಕೊಡುತ್ತಿದ್ದ.

1858ರ ಲಿಂಕನ್-ಡಗ್ಲಸ್ ವಾಗ್ವಾದಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. (ಈ ಡಗ್ಲಸ್ ಸೆನೆಟರ್ ಸ್ಟೀಫನ್ ಡಗ್ಲಸ್, ಮೇಲೆ ಹೇಳಿದ ಫ್ರೆಡರಿಕ್ ಡಗ್ಲಸ್ ಬೇರೆ.) ಇಲಿನಾಯ್‌ನ ಏಳು ಊರುಗಳಲ್ಲಿ, ಹಾಡುಹಗಲಲ್ಲಿ, ಬಯಲಿನಲ್ಲಿ, ಸಾವಿರಾರು ಜನರ ಮುಂದೆ ನಡೆದ ಸಭೆಗಳವು. ಅವುಗಳಲ್ಲಿ ಒಂದರ ಛಾಯಾಚಿತ್ರವೂ ಇಂದಿನವರೆಗೆ ದೊರೆತಿಲ್ಲ. ಆ ಭಾಗದಲ್ಲಿ ಛಾಯಾಗ್ರಾಹಕರು ಇರಲಿಲ್ಲವೇ ಎಂದರೆ, ಧಾರಾಳವಾಗಿ ಇದ್ದರು. ಫ್ರೀಪೋರ್ಟ್‌ನ ವಾಗ್ವಾದ ಆಗಸ್ಟ್ 27ರಂದು ನಡೆಯಿತು. ಅದರ ಹಿಂದಿನ ದಿನವೇ ಲಿಂಕನ್ ಮಕೋಂಬ್‌ನಲ್ಲಿ ಸ್ಟುಡಿಯೋದಲ್ಲಿ ಕುಳಿತು ಚಿತ್ರ ತೆಗೆಸಿಕೊಂಡರು. ಅಕ್ಟೋಬರ್ 1ರಂದು ಪಿಟ್ಸ್‌ಫೀಲ್ಡ್‌ನಲ್ಲಿ, ಅಕ್ಟೋಬರ್ 11ರಂದು ಮನ್ಮತ್‌ನಲ್ಲಿ ಮತ್ತೆ ತೆಗೆಸಿಕೊಂಡರು. ಪ್ರಚಾರದ ದಾರಿಯುದ್ದಕ್ಕೂ ಕ್ಯಾಮೆರಾ ಇತ್ತು, ಆದರೆ ಅದು ಸ್ಟುಡಿಯೋದ ಬಾಗಿಲು ದಾಟಿ ವೇದಿಕೆಯ ಹತ್ತಿರಕ್ಕೆ ಬರಲಿಲ್ಲ, ಏಕೆಂದರೆ ವ್ಯಾಪಾರವಿದ್ದುದು ಮುಖಗಳಲ್ಲಿ.

ಚುನಾವಣಾ ಪ್ರಚಾರಸಭೆಯದೇ ಚಿತ್ರ ಬೇಕೆಂದರೆ ನಾನು ತೋರಿಸುವುದು 1860ರ ಆಗಸ್ಟ್ 8ರದು. ಅಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಿಪಬ್ಲಿಕನ್ನರ ಬೃಹತ್ ಸಮಾವೇಶ ನಡೆದಾಗ ಮೆರವಣಿಗೆ ಲಿಂಕನ್ ಅವರ ಮನೆಯ ಮುಂದೆ ಹಾದುಹೋಯಿತು. ಸ್ಥಳೀಯ ಛಾಯಾಗ್ರಾಹಕ ವಿಲಿಯಂ ಶಾ ಅವರು ಬೀದಿಯ ಆಚೆ ಬದಿಯಿಂದ ತೆಗೆದ ಚಿತ್ರದಲ್ಲಿ ಎರಡು ಅಂತಸ್ತಿನ ಆ ಮನೆ, ಅದರ ಕಿಟಕಿಗಳಲ್ಲಿ ತುಂಬಿಕೊಂಡ ಜನ, ಮುಂದಿನ ಬೀದಿಯಲ್ಲಿ ಗುಂಪು ಎಲ್ಲವೂ ಇವೆ. ಬಾಗಿಲಿನ ಬಲಬದಿಗೆ ಬಿಳಿಯ ಉಡುಪಿನಲ್ಲಿ, ಸುತ್ತಲಿನವರಿಗಿಂತ ಒಂದು ತಲೆ ಎತ್ತರವಾಗಿ ನಿಂತಿರುವವರೇ ಅಭ್ಯರ್ಥಿ. ಕಪ್ಪು ಕೋಟುಗಳ ನಡುವೆ ಆ ಬಿಳಿಯ ಉಡುಪು ಇಲ್ಲದಿದ್ದರೆ ಅವರನ್ನು ಗುರುತಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಇದೇ ಮೊದಲನೆಯದು ಎಂದು ಪಣ ತೊಡಲಾರೆ. ಆದರೆ ಅಧ್ಯಕ್ಷೀಯ ಅಭ್ಯರ್ಥಿ ಮತ್ತು ಅವರ ಬೆಂಬಲಿಗರ ಗುಂಪು ಒಂದೇ ಚೌಕಟ್ಟಿನಲ್ಲಿ, ಪ್ರಚಾರದ ದಿನವೇ ಸಿಕ್ಕಿರುವ ಆ ಕಾಲದ ಚಿತ್ರಗಳಲ್ಲಿ ಇದಕ್ಕೆ ಸಾಟಿಯಾದದ್ದನ್ನು ನಾನು ನೋಡಿಲ್ಲ.

ಉತ್ತರ — ತಗಡಿನ ಬಿಲ್ಲೆ

ಮೂರನೆಯ ಪ್ರಶ್ನೆಗೆ, ಅಂದರೆ ಬಳಕೆಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಹಳೆಯ ಅಚ್ಚುಮನೆಯವರ ಮಾತಿಗೆ ಒಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. ಅಧ್ಯಕ್ಷ ಪದವಿಗೆ ನಿಂತವರು ತಾವೇ ಊರೂರು ತಿರುಗಿ ಮತ ಕೇಳುವುದು ಆಗ ಮರ್ಯಾದೆಯಲ್ಲ ಎಂದೇ ಭಾವಿಸಲಾಗುತ್ತಿತ್ತು. 1860ರಲ್ಲಿ ಸ್ಟೀಫನ್ ಡಗ್ಲಸ್ ಆ ಪದ್ಧತಿಯನ್ನು ಮುರಿದು ಪ್ರವಾಸ ಮಾಡಿದ್ದಕ್ಕೆ ಟೀಕೆಗೊಳಗಾದರು. ಲಿಂಕನ್ ಸ್ಪ್ರಿಂಗ್‌ಫೀಲ್ಡ್ ಬಿಟ್ಟು ಕದಲಲಿಲ್ಲ. ಅಭ್ಯರ್ಥಿ ಹೋಗಬಾರದಾದ ಕಡೆಗೆಲ್ಲ ಅವರ ಮುಖ ಹೋಗಬೇಕಿತ್ತು. ಛಾಯಾಚಿತ್ರ ಪ್ರಚಾರವನ್ನು ದಾಖಲಿಸುವ ಸಾಧನವಾಗುವುದಕ್ಕೆ ಬಹಳ ಮೊದಲೇ ಪ್ರಚಾರದ ಸರಕಾಗಿತ್ತು. ಆದ್ದರಿಂದ ತಾವು ‘ಬಿಗಿಯಾಗಿ ಕುಳಿತ ಭಾವಚಿತ್ರಗಳೇ’ ಎಂದು ಬದಿಗಿಟ್ಟವುಗಳನ್ನೇ ನಾನು ಪ್ರಚಾರದ ಛಾಯಾಚಿತ್ರಗಳು ಎಂದು ಕರೆಯುತ್ತೇನೆ.

1860ರ ಫೆಬ್ರವರಿ 27ರಂದು ಲಿಂಕನ್ ನ್ಯೂಯಾರ್ಕ್‌ನ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮಾಡುವ ದಿನ ಮ್ಯಾಥ್ಯೂ ಬ್ರೇಡಿ ಅವರ ಸ್ಟುಡಿಯೋಗೆ ಹೋಗಿ ನಿಂತು ಚಿತ್ರ ತೆಗೆಸಿಕೊಂಡರು. ಪೂರ್ವದ ರಾಜ್ಯಗಳಲ್ಲಿ ಅವರನ್ನು ಕಂಡವರು ಕಡಿಮೆ. ಕೋಲುಮುಖದ, ಕುರೂಪಿ, ಹಳ್ಳಿಗಾಡಿನ ವಕೀಲ ಎಂಬ ಸುದ್ದಿ ಮಾತ್ರ ಹರಡಿತ್ತು. ಬ್ರೇಡಿ ಲಿಂಕನ್ ಅವರನ್ನು ಮೊಣಕಾಲಿನವರೆಗೆ ಕಾಣುವಂತೆ ನಿಲ್ಲಿಸಿ, ಒಂದು ಕೈಯನ್ನು ಪುಸ್ತಕಗಳ ಮೇಲೆ ಇರಿಸಿ, ಹಿಂದೆ ಕಂಬವೊಂದನ್ನು ತೋರಿಸಿ, ರಾಜ್ಯಭಾರಕ್ಕೆ ಯೋಗ್ಯರಾದವರ ಚಿತ್ರಗಳಿಗೆ ಸಲ್ಲುವ ಎಲ್ಲ ಸಜ್ಜಿಕೆಯನ್ನೂ ಒದಗಿಸಿದರು. ಕೊರಳಪಟ್ಟಿಯನ್ನು ಸರಿಪಡಿಸಬಹುದೇ ಎಂದು ಕೇಳಿದಾಗ ಲಿಂಕನ್ ತಾವೇ ಅದನ್ನು ಮೇಲೆಳೆದುಕೊಳ್ಳುತ್ತ, ನನ್ನ ಕುತ್ತಿಗೆಯನ್ನು ಗಿಡ್ಡ ಮಾಡಬೇಕೆಂದಿದ್ದೀರಿ ಎಂದು ನಕ್ಕರೆಂದು ಬ್ರೇಡಿ ಮುಂದೆ ನೆನಪಿಸಿಕೊಂಡಿದ್ದಾರೆ. ಬ್ರೇಡಿ ಮತ್ತು ಕೂಪರ್ ಯೂನಿಯನ್ ಸೇರಿ ತಮ್ಮನ್ನು ಅಧ್ಯಕ್ಷರನ್ನಾಗಿ ಮಾಡಿದರು ಎಂದು ಲಿಂಕನ್ ಹೇಳಿದರೆಂಬ ಮಾತೂ ಪ್ರಸಿದ್ಧವೇ. ಅದು ಬಂದಿರುವುದೂ ಬ್ರೇಡಿಯವರ ಬಾಯಿಂದಲೇ ಆದ್ದರಿಂದ, ವ್ಯಾಪಾರಿಯೊಬ್ಬ ತನ್ನ ಸರಕಿನ ಬಗ್ಗೆ ಹೇಳಿದ ಮಾತನ್ನು ಎಷ್ಟು ನಂಬಬೇಕೋ ಅಷ್ಟೇ ನಂಬುವುದು ಒಳ್ಳೆಯದು.

ಆದರೆ ಚಿತ್ರ ಎಲ್ಲೆಲ್ಲಿಗೆ ಹೋಯಿತು ಎಂಬುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಮೇ 18ರಂದು ಷಿಕಾಗೋದಲ್ಲಿ ಲಿಂಕನ್ ಅಭ್ಯರ್ಥಿಯಾಗಿ ಆಯ್ಕೆಯಾದೊಡನೆ ವಾರಪತ್ರಿಕೆಗಳು ಅದನ್ನು ಮರದಚ್ಚಿನಲ್ಲಿ ಕೆತ್ತಿಸಿದವು. ಕರಿಯರ್ ಅಂಡ್ ಐವ್ಸ್ ಸಂಸ್ಥೆ ಅದರ ಆಧಾರದಲ್ಲಿ ಶಿಲಾಮುದ್ರಣಗಳನ್ನು ತಂದಿತು. ಡಿಸ್‌ದೆರಿ ಅವರು 1854ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದಿದ್ದ ಭೇಟಿಚೀಟಿ ಗಾತ್ರದ ‘ಕಾರ್ತ್ ದ ವಿಸಿತ್’ ಆ ವೇಳೆಗೆ ಅಮೆರಿಕದಲ್ಲೂ ಚಾಲ್ತಿಗೆ ಬಂದಿತ್ತು. ಒಂದೇ ಗಾಜಿನ ತಟ್ಟೆಯ ಮೇಲೆ ಹಲವು ಮಸೂರಗಳಿಂದ ಹಲವು ಬಿಂಬಗಳನ್ನು ಮೂಡಿಸಿ, ಪ್ರಿಂಟ್ ತೆಗೆದು, ಕತ್ತರಿಸಿ, ರಟ್ಟಿಗೆ ಅಂಟಿಸಿ ಮಾರುವ ವಿಧಾನವದು.

ಇವೆಲ್ಲಕ್ಕಿಂತ ನನಗೆ ಸ್ವಾರಸ್ಯವಾಗಿ ಕಾಣುವುದು ತಗಡಿನ ಬಿಲ್ಲೆಗಳು. ಓಹಾಯೋದ ಪ್ರಾಧ್ಯಾಪಕ ಹ್ಯಾಮಿಲ್ಟನ್ ಸ್ಮಿತ್ ಅವರು 1856ರಲ್ಲಿ ಪೇಟೆಂಟ್ ಪಡೆದ ಫೆರೋಟೈಪ್ ವಿಧಾನದಲ್ಲಿ, ಕಪ್ಪು ಮೆರುಗೆಣ್ಣೆ ಬಳಿದ ತೆಳು ಕಬ್ಬಿಣದ ಹಾಳೆಯ ಮೇಲೆಯೇ ಕೊಲೋಡಿಯನ್ ಬಿಂಬವನ್ನು ಮೂಡಿಸುತ್ತಿದ್ದರು. ಗಾಜಿನಂತೆ ಒಡೆಯದ, ಅಗ್ಗವಾದ, ಕತ್ತರಿಯಿಂದ ಕತ್ತರಿಸಬಹುದಾದ ಚಿತ್ರವದು. ಟಿನ್‌ಟೈಪ್ ಎಂದು ಜನ ಕರೆದರೂ ಅದರಲ್ಲಿ ತವರ ಇರಲಿಲ್ಲ. 1860ರ ಬಿಲ್ಲೆಯೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅಚ್ಚೊತ್ತಿದ ಹಿತ್ತಾಳೆಯ ಬಳೆಯೊಳಗೆ ಹೆಬ್ಬೆರಳಿನ ಉಗುರಿನಷ್ಟೇ ಇರುವ ಮುಖ, ಅಂಚಿನ ಸುತ್ತ ಅಭ್ಯರ್ಥಿಯ ಹೆಸರು ಮತ್ತು ವರ್ಷ, ಮೇಲ್ತುದಿಯಲ್ಲಿ ರಿಬ್ಬನ್ ಪೋಣಿಸಿ ಕೋಟಿಗೆ ಕಟ್ಟಿಕೊಳ್ಳಲು ಒಂದು ತೂತು ಕಾಣುತ್ತವೆ. ತಿರುಗಿಸಿದರೆ ಹಿಂಬದಿಯಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ: ಲಿಂಕನ್ ಹಿಂದೆ ಹ್ಯಾಮ್ಲಿನ್, ಡಗ್ಲಸ್ ಹಿಂದೆ ಜಾನ್ಸನ್, ಬ್ರೆಕಿನ್‌ರಿಜ್ ಹಿಂದೆ ಲೇನ್, ಬೆಲ್ ಹಿಂದೆ ಎವರೆಟ್. ಆ ವರ್ಷ ಕಣದಲ್ಲಿದ್ದ ನಾಲ್ಕೂ ಬಣಗಳ ಬಿಲ್ಲೆಗಳು ಉಳಿದಿವೆ. ಛಾಯಾಚಿತ್ರವನ್ನು ಮೈಮೇಲೆ ಧರಿಸಿ ಪಕ್ಷ ಸಾರುವ ರೂಢಿ ಬೇರೂರಿದ್ದು ಈ ಚುನಾವಣೆಯಲ್ಲೇ. 1864ರಲ್ಲಿ ಲಿಂಕನ್ ಮತ್ತು ಮೆಕ್ಲೆಲನ್ ಪರವಾಗಿಯೂ, 1868ರಲ್ಲಿ ಗ್ರಾಂಟ್ ಪರವಾಗಿಯೂ ಅದು ಮುಂದುವರಿಯಿತು.

ಚಿತ್ರಗಳು ಮತದಾರರಲ್ಲದವರ ಕೈಗೂ ಸೇರುತ್ತಿದ್ದವು. 1860ರ ಅಕ್ಟೋಬರ್‌ನಲ್ಲಿ ಗ್ರೇಸ್ ಬೆಡೆಲ್ ಎಂಬ ಹನ್ನೊಂದರ ಹುಡುಗಿ, ತಂದೆ ತಂದುಕೊಟ್ಟ ಲಿಂಕನ್ ಚಿತ್ರವನ್ನು ನೋಡಿ, ನಿಮ್ಮ ಮುಖ ತೀರಾ ಬಡಕಲಾಗಿರುವುದರಿಂದ ಗಡ್ಡ ಬಿಟ್ಟರೆ ಚೆನ್ನಾಗಿರುತ್ತದೆ ಎಂದು ಅವರಿಗೇ ಪತ್ರ ಬರೆದಳು. ಚುನಾವಣೆ ಮುಗಿಯುತ್ತಿದ್ದಂತೆ ಅವರು ಗಡ್ಡ ಬಿಟ್ಟರು. ಕಷ್ಟಕ್ಕೆ ಬಿದ್ದವರು ಮುದ್ರಕರು: ಗಡ್ಡವಿಲ್ಲದ ಮುಖದ ಅಚ್ಚುಗಳೆಲ್ಲ ಹಳತಾದವು. ಹೊಸ ಛಾಯಾಚಿತ್ರ ಕೈಗೆ ಸಿಗುವವರೆಗೆ ಕಾಯದೆ ಕೆಲವರು ಹಳೆಯ ಅಚ್ಚಿನ ಮೇಲೆಯೇ ತಮಗೆ ತೋಚಿದ ಆಕಾರದ ಗಡ್ಡ ಕೆತ್ತಿ ಮಾರಾಟಕ್ಕಿಟ್ಟರು. ಆ ಗಡ್ಡಗಳ ವೈವಿಧ್ಯವನ್ನು ನೋಡಿಯೇ ತಿಳಿಯಬೇಕು.

ಮರುಪ್ರಶ್ನೆ — ಚರಿತ್ರೆಯ ಓದುಗ

ಮೂವರಿಗೂ ಕೃತಜ್ಞತೆಗಳು. ಭಾವಚಿತ್ರಗಳನ್ನೇ ಪ್ರಚಾರದ ವಸ್ತುಗಳಾಗಿ ನೋಡಬೇಕೆಂಬ ಮಾತು ಒಪ್ಪತಕ್ಕದ್ದು. ಇನ್ನೆರಡು ಸಂದೇಹಗಳಿವೆ. ಲಿಂಕನ್ ಅವರ ಕೆನ್ನೆಯ ಮಚ್ಚೆ ಕೆಲವು ಚಿತ್ರಗಳಲ್ಲಿ ಬಲಕ್ಕೂ ಕೆಲವದರಲ್ಲಿ ಎಡಕ್ಕೂ ಕಾಣುತ್ತದೆ. ಎಡಕ್ಕಿರುವವು ನಕಲಿಯೇ? ಎರಡನೆಯದಾಗಿ, ಸಭೆ ಮತ್ತು ಮೆರವಣಿಗೆಗಳ ಚಿತ್ರಗಳು ಪತ್ರಿಕೆಗಳಲ್ಲಿ ನೇರವಾಗಿ ಬರುವ ಸ್ಥಿತಿ ಯಾವಾಗ ಉಂಟಾಯಿತು?

ಉತ್ತರ — ಕತ್ತಲಕೋಣೆ

ಮಚ್ಚೆ ಇದ್ದುದು ಬಲಗೆನ್ನೆಯ ಮೇಲೆ. ಡಾಗೆರೋಟೈಪ್ ಮತ್ತು ಫೆರೋಟೈಪ್ ಎರಡರಲ್ಲೂ ಕ್ಯಾಮೆರಾದೊಳಗಿದ್ದ ತಗಡೇ ಅಂತಿಮ ಚಿತ್ರ. ನಡುವೆ ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವ ಹಂತವಿಲ್ಲದ್ದರಿಂದ ಬಿಂಬ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವಾಗಿಯೇ ಉಳಿಯುತ್ತದೆ. ಆದ್ದರಿಂದ ನೇರವಾಗಿ ತೆಗೆದ ಡಾಗೆರೋಟೈಪ್‌ನಲ್ಲಿ ಮಚ್ಚೆ ಎಡಗೆನ್ನೆಗೆ ಬಂದರೆ ಅದು ನಕಲಿಯ ಗುರುತಲ್ಲ, ಅಸಲಿಯ ಲಕ್ಷಣ. ಬಿಲ್ಲೆಗಳ ವಿಷಯ ಇನ್ನೂ ಸ್ವಲ್ಪ ತೊಡಕಿನದು. ಅವುಗಳಿಗಾಗಿ ಅಭ್ಯರ್ಥಿಗಳು ಬೇರೆಯಾಗಿ ಕುಳಿತುಕೊಡುತ್ತಿರಲಿಲ್ಲ, ಮೊದಲೇ ಇದ್ದ ಚಿತ್ರವನ್ನೇ ಕ್ಯಾಮೆರಾದ ಮುಂದಿಟ್ಟು ಪ್ರತಿ ತೆಗೆಯುತ್ತಿದ್ದರು. ಕಾಗದದ ಪ್ರಿಂಟಿನಿಂದ ತೆಗೆದರೆ ತಿರುವು ಉಂಟಾಗುತ್ತದೆ; ಮೊದಲೇ ತಿರುವಾಗಿದ್ದ ಡಾಗೆರೋಟೈಪ್‌ನಿಂದ ತೆಗೆದರೆ ಎರಡು ತಿರುವು ಸೇರಿ ಮುಖ ಸರಿಯಾಗುತ್ತದೆ. ಮಚ್ಚೆಯ ಜೊತೆಗೆ ಕೋಟಿನ ಗುಂಡಿ ಯಾವ ಬದಿಗಿದೆ ಎಂಬುದನ್ನೂ ನೋಡಿದರೆ ಮೂಲ ಯಾವುದೆಂದು ಊಹಿಸಬಹುದು.

ಕೈಚಳಕ ಇರಲೇ ಇಲ್ಲ ಎಂದಲ್ಲ. ಲಿಂಕನ್ ಹತ್ಯೆಯ ನಂತರ ಮಾರಾಟವಾದ, ಅವರು ಗಂಭೀರವಾಗಿ ನಿಂತಿರುವ ಒಂದು ಪ್ರಸಿದ್ಧ ಕೆತ್ತನೆಯಲ್ಲಿ ದೇಹ ಅವರದ್ದಲ್ಲ, ಗುಲಾಮಗಿರಿಯ ಕಟ್ಟಾ ಸಮರ್ಥಕರಾಗಿದ್ದ ದಕ್ಷಿಣದ ಜಾನ್ ಕ್ಯಾಲ್‌ಹೂನ್ ಅವರದು. ಹಳೆಯ ಕೆತ್ತನೆಯ ತಲೆಯನ್ನು ತೆಗೆದು, 1864ರಲ್ಲಿ ಬ್ರೇಡಿ ಸ್ಟುಡಿಯೋದಲ್ಲಿ ತೆಗೆದ ಛಾಯಾಚಿತ್ರವೊಂದರ ಆಧಾರದಲ್ಲಿ ಲಿಂಕನ್ ಮುಖವನ್ನು ಕೂರಿಸಲಾಗಿತ್ತು.

ಉತ್ತರ — ಹಳೆಯ ಅಚ್ಚುಮನೆ

ಎರಡನೆಯ ಸಂದೇಹಕ್ಕೆ ಹೋಗುವ ಮೊದಲು ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿಯವರೆಗಿನ ಚರ್ಚೆಯೆಲ್ಲ ಅಧ್ಯಕ್ಷ ಪದವಿಗೆ ನಿಂತ ಗಂಡಸರ ಸುತ್ತಲೇ ಸುತ್ತಿದೆ. ಕಪ್ಪು ಗಂಡಸರಿಗೆ ಮತದಾನದ ಹಕ್ಕನ್ನು ಖಾತರಿಪಡಿಸಿದ ಸಂವಿಧಾನದ ಹದಿನೈದನೆಯ ತಿದ್ದುಪಡಿ ಜಾರಿಗೆ ಬಂದದ್ದು 1870ರಲ್ಲಿ. ಹೆಂಗಸರು ಇನ್ನೂ ಐವತ್ತು ವರ್ಷ ಕಾಯಬೇಕಾಯಿತು. ಮತವೇ ಇಲ್ಲದಿದ್ದವರು ಛಾಯಾಚಿತ್ರವನ್ನು ರಾಜಕೀಯಕ್ಕೆ ಬಳಸಿಕೊಂಡ ಬಗೆ ಅಭ್ಯರ್ಥಿಗಳಿಗಿಂತ ಹೆಚ್ಚು ಜಾಣ್ಮೆಯದು. ಫ್ರೆಡರಿಕ್ ಡಗ್ಲಸ್ ಅವರ ಸುಮಾರು 160 ಬೇರೆ ಬೇರೆ ಛಾಯಾಚಿತ್ರಗಳು ದಾಖಲಾಗಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಬಾರಿ ಕ್ಯಾಮೆರಾದ ಮುಂದೆ ಕುಳಿತ ಅಮೆರಿಕನ್ ಅವರೇ ಎಂದು ಪರಿಗಣಿಸಲಾಗಿದೆ. ವ್ಯಂಗ್ಯಚಿತ್ರಕಾರರು ಕಪ್ಪು ಜನರ ಮುಖವನ್ನು ಹೇಗೆ ವಿಕಾರಗೊಳಿಸುತ್ತಾರೆಂದು ಬಲ್ಲ ಅವರು, ಛಾಯಾಚಿತ್ರದ ಬಗ್ಗೆಯೇ ಉಪನ್ಯಾಸಗಳನ್ನು ಕೊಟ್ಟರು. ಗುಲಾಮಗಿರಿಯಿಂದ ಬಿಡುಗಡೆ ಪಡೆದು ಅದರ ವಿರುದ್ಧ ಹೋರಾಡಿದ ಸೊಜರ್ನರ್ ಟ್ರೂತ್ ಅವರು 1864ರ ಹೊತ್ತಿಗೆ ತಮ್ಮ ‘ಕಾರ್ತ್ ದ ವಿಸಿತ್’ಗಳ ಕೆಳಗೆ, ಶರೀರವನ್ನು ಪೊರೆಯಲು ನೆರಳನ್ನು ಮಾರುತ್ತೇನೆ ಎಂಬರ್ಥದ ಸಾಲನ್ನು ಅಚ್ಚು ಹಾಕಿಸಿ, ಉಪನ್ಯಾಸಗಳಿಗೆ ಹೋದಲ್ಲೆಲ್ಲ ಅವನ್ನು ಮಾರಿ ಖರ್ಚು ತೂಗಿಸಿಕೊಂಡರು.

ಇನ್ನು ಪತ್ರಿಕೆಗಳು. ಛಾಯಾಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಅಕ್ಷರಗಳ ಜೊತೆಗೇ ಅಚ್ಚು ಹಾಕುವ ಹಾಫ್‌ಟೋನ್ ವಿಧಾನ ನ್ಯೂಯಾರ್ಕ್‌ನ ‘ಡೈಲಿ ಗ್ರಾಫಿಕ್’ನಲ್ಲಿ 1880ರ ಮಾರ್ಚ್ 4ರಂದು ಕಾಣಿಸಿಕೊಂಡಿತು. ಆದರೆ ವೇಗದ ದಿನಪತ್ರಿಕೆ ಯಂತ್ರಗಳಿಗೆ ಅದು ಒಗ್ಗಲು 1890ರ ದಶಕದ ಕೊನೆಯವರೆಗೆ ಸಮಯ ಹಿಡಿಯಿತು. ಕ್ಯಾಮೆರಾದ ಕಡೆಯಿಂದ ಬದಲಾವಣೆ ಬೇಗ ಬಂತು: ಮೊದಲೇ ತಯಾರಿಸಿಟ್ಟುಕೊಳ್ಳಬಹುದಾದ ಜೆಲಟಿನ್ ಒಣ ತಟ್ಟೆಗಳು 1880ರ ವೇಳೆಗೆ ಅಂಗಡಿಯಲ್ಲಿ ಸಿಗುತ್ತಿದ್ದವು, 1888ರಲ್ಲಿ ಕೊಡಾಕ್ ಬಂತು. 1880ರಲ್ಲಿ ಗಾರ್‌ಫೀಲ್ಡ್, 1888ರಲ್ಲಿ ಬೆಂಜಮಿನ್ ಹ್ಯಾರಿಸನ್, 1896ರಲ್ಲಿ ಮೆಕಿನ್ಲಿ ತಮ್ಮ ಮನೆಯಂಗಳಕ್ಕೇ ಜನರನ್ನು ಬರಮಾಡಿಕೊಂಡು ಮಾತನಾಡುವ ಪ್ರಚಾರ ನಡೆಸಿದರು. ಹೊತ್ತು ಗೊತ್ತಿರುವ, ಜಾಗ ಬದಲಾಗದ, ಹಗಲು ಬೆಳಕಿನ ಈ ಸಭೆಗಳು ಛಾಯಾಗ್ರಾಹಕರಿಗೆ ಹೇಳಿ ಮಾಡಿಸಿದಂತಿದ್ದವು. ಮೆಕಿನ್ಲಿಯವರ ಎದುರಾಳಿ ವಿಲಿಯಂ ಜೆನಿಂಗ್ಸ್ ಬ್ರಯನ್ 1896ರಲ್ಲಿ ರೈಲಿನಲ್ಲಿ ಸುಮಾರು 18,000 ಮೈಲು ತಿರುಗಿ ನೂರಾರು ಭಾಷಣಗಳನ್ನು ಮಾಡಿದರು. ಅಂಗಳ ಬಿಟ್ಟು ಕದಲದ ಮೆಕಿನ್ಲಿಯವರ ಚಲನಚಿತ್ರವನ್ನು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ರಂಗಮಂದಿರವೊಂದರಲ್ಲಿ ತೋರಿಸಲಾಯಿತು: ಹುಲ್ಲುಹಾಸಿನ ಮೇಲೆ ನಡೆದುಬರುತ್ತಾರೆ, ಕೈಗೆ ಬಂದ ಕಾಗದ ಓದುತ್ತಾರೆ, ಟೋಪಿ ತೆಗೆಯುತ್ತಾರೆ, ಅಷ್ಟೇ. ಅಷ್ಟಕ್ಕೇ ಜನ ಎದ್ದು ಜೈಕಾರ ಹಾಕಿದರಂತೆ.

ಉತ್ತರ — ತಗಡಿನ ಬಿಲ್ಲೆ

1896ರ ಮಾತು ಬಂದದ್ದರಿಂದ ಸಂಗ್ರಹಕಾರರಿಗೆ ಉಪಯೋಗವಾಗುವ ಒಂದು ವಿವರ. ತಗಡಿನ ಬಿಲ್ಲೆಗಳ ಕಾಲ ಮುಗಿದದ್ದು ಆ ವರ್ಷವೇ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿದ್ದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ, ಕಾಗದದ ಮೇಲೆ ಅಚ್ಚಾದ ಚಿತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಪದರದಿಂದ ಮುಚ್ಚಿ, ಲೋಹದ ಬಿಲ್ಲೆಯ ಅಂಚಿಗೆ ಮಡಚಿ, ಹಿಂದೆ ಪಿನ್ ಕೂರಿಸಿದ ಗುಂಡಿಗಳನ್ನು ಮೆಕಿನ್ಲಿ ಮತ್ತು ಬ್ರಯನ್ ಇಬ್ಬರ ಪರವಾಗಿಯೂ ರಾಶಿಗಟ್ಟಲೆ ತಯಾರಿಸಿತು. ಅವುಗಳ ಹಿಂಬದಿಯ ಕಾಗದದ ಮೇಲೆ ಕಂಪನಿಯ ಹೆಸರು ಮತ್ತು ಪೇಟೆಂಟ್ ದಿನಾಂಕಗಳಿರುತ್ತವೆ. ಕೊನೆಯದು 1896ರ ಜುಲೈ 21. ಆದ್ದರಿಂದ ಲಿಂಕನ್ ಅಥವಾ ಗ್ರಾಂಟ್ ಅವರ ಮುಖವಿರುವ ಸೆಲ್ಯುಲಾಯ್ಡ್ ಗುಂಡಿಯನ್ನು ಅವರ ಚುನಾವಣೆಯ ಕಾಲದ್ದೆಂದು ಯಾರಾದರೂ ಮಾರಲು ಬಂದರೆ, ಅದನ್ನು ಮುಂದೆ ಯಾವುದೋ ಸ್ಮರಣೋತ್ಸವಕ್ಕೆ ತಯಾರಿಸಿರಬಹುದೇ ವಿನಾ ಪ್ರಚಾರದ ವಸ್ತುವಾಗಿರಲು ಸಾಧ್ಯವಿಲ್ಲ.